ಬೆತ್ತಲೆ ಚಿತ್ರ ಮಾಯವಾದ ಬಗೆ: ವಿಮಾನ ನಿಲ್ದಾಣದ ಸ್ಕ್ಯಾನರ್ ಮತ್ತು ಒಪ್ಪದೆ ನಿಂತ ಜನ

2013ರ ಮೇ ತಿಂಗಳು ಮುಗಿಯುವ ಹೊತ್ತಿಗೆ ಅಮೆರಿಕದ ವಿಮಾನ ನಿಲ್ದಾಣಗಳಿಂದ ಒಂದು ಬಗೆಯ ಯಂತ್ರ ಪೂರ್ತಿಯಾಗಿ ಮಾಯವಾಗಿತ್ತು. ರಾಪಿಸ್ಕ್ಯಾನ್ ಕಂಪನಿಯ ‘ಸೆಕ್ಯೂರ್ 1000’ ಎಂಬ ಈ ಸ್ಕ್ಯಾನರುಗಳನ್ನು ಅಲ್ಲಿನ ಸಾರಿಗೆ ಭದ್ರತಾ ಆಡಳಿತ (ಟಿಎಸ್‌ಎ) 250ರಷ್ಟು ಕೊಂಡಿತ್ತು. ಪ್ರಯಾಣಿಕರ ಮೈಮೇಲೆ ಎಕ್ಸ್‌ರೇ ಹಾಯಿಸಿ, ಬಟ್ಟೆಯ ಮರೆಯಲ್ಲಿ ಏನಿದೆ ಎಂದು ತೋರಿಸುವುದು ಅವುಗಳ ಕೆಲಸ. ಮೂರು ವರ್ಷ ಹಿಂದೆ ಇಂಥ ಸ್ಕ್ಯಾನರುಗಳು ತುರ್ತಾಗಿ ಬೇಕೇಬೇಕೆಂದು ಸರ್ಕಾರವೇ ಪಟ್ಟು ಹಿಡಿದಿತ್ತು. ಕಿತ್ತುಹಾಕುವಾಗ ಯಂತ್ರಗಳು ಕೆಟ್ಟಿರಲಿಲ್ಲ, ಭಯೋತ್ಪಾದನೆಯ ಆತಂಕವೂ ತಗ್ಗಿರಲಿಲ್ಲ. ಪ್ರಯಾಣಿಕರ ದೇಹದ ಚಿತ್ರವನ್ನು ಪರದೆಯ ಮೇಲೆ ತೋರಿಸಕೂಡದೆಂದು ಅಮೆರಿಕದ ಸಂಸತ್ತು ಕಾನೂನು ಮಾಡಿತ್ತು. ಆ ಷರತ್ತನ್ನು ಗಡುವಿನೊಳಗೆ ಪೂರೈಸಲು ತಯಾರಕರಿಗೆ ಆಗಲಿಲ್ಲ. ಈ ಷರತ್ತಿನ ಹಿಂದೆ ವಿಜ್ಞಾನಿಗಳು, ವಕೀಲರು, ಧರ್ಮಗುರುಗಳು, ಸಾಮಾನ್ಯ ಪ್ರಯಾಣಿಕರು ಎಲ್ಲರೂ ಸೇರಿ ಎತ್ತಿದ ಆಕ್ಷೇಪಗಳ ಇತಿಹಾಸವಿದೆ. ಸುರಕ್ಷಿತವಾಗಿ ಹಾರಬೇಕಾದರೆ ಮಾನವನ್ನೂ ಆರೋಗ್ಯವನ್ನೂ ಅಷ್ಟಿಷ್ಟು ಬಿಟ್ಟುಕೊಡಲೇಬೇಕು ಎಂದು ಅಧಿಕಾರಿಗಳು ಮುಂದಿಟ್ಟ ಲೆಕ್ಕಾಚಾರವೇ ತಪ್ಪಾಗಿತ್ತೆಂದು ಆ ಇತಿಹಾಸ ತೋರಿಸುತ್ತದೆ. ಎಲ್ಲವನ್ನೂ ಕಾಪಾಡುವ ದಾರಿ ಇತ್ತು. ಆ ದಾರಿ ಹಿಡಿಯುವಂತೆ ಸರ್ಕಾರವನ್ನು ಒತ್ತಾಯಿಸಿದವರು ಒಪ್ಪದೆ ನಿಂತ ಜನ.

ಆರೋಗ್ಯವಂತರ ಮೇಲೆ ಎಕ್ಸ್‌ರೇ ಬಿಡುವುದಾದರೆ ಅದಕ್ಕೆ ಬಲವಾದ ಕಾರಣ ಬೇಕು ಎಂಬ ತಿಳಿವಳಿಕೆಯನ್ನು ಜಗತ್ತು ಕಹಿ ಅನುಭವದಿಂದಲೇ ಕಲಿತದ್ದು. 1920ರ ದಶಕದಿಂದ ಅಮೆರಿಕ, ಬ್ರಿಟನ್‌ಗಳ ಪಾದರಕ್ಷೆ ಅಂಗಡಿಗಳಲ್ಲಿ ಹೊಸ ಶೂ ಮಕ್ಕಳ ಕಾಲಿಗೆ ಸರಿಹೊಂದಿದೆಯೇ ಎಂದು ನೋಡಲು ಎಕ್ಸ್‌ರೇ ಪೆಟ್ಟಿಗೆಗಳಿದ್ದವು. 1950ರ ದಶಕದ ಆರಂಭಕ್ಕೆ ಅಮೆರಿಕವೊಂದರಲ್ಲೇ ಇಂಥವು ಸುಮಾರು 10,000 ಇದ್ದವು. ವಿಕಿರಣದ ಅಪಾಯ ಅರಿವಿಗೆ ಬಂದಂತೆ 1957ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಅವನ್ನು ನಿಷೇಧಿಸಿತು, ಉಳಿದವು ಹಿಂಬಾಲಿಸಿದವು. ರೋಗಿಗೆ ಪ್ರಯೋಜನವಿದ್ದರೆ ಮಾತ್ರ ಎಕ್ಸ್‌ರೇ ಎಂಬ ನಿಯಮ ಆಮೇಲೆ ಬಹುಕಾಲ ನಡೆದುಬಂತು. 1990ರ ದಶಕದ ಆರಂಭದಲ್ಲಿ ಸ್ಟೀವನ್ ಸ್ಮಿತ್ ಎಂಬ ಸಂಶೋಧಕ ‘ಸೆಕ್ಯೂರ್ 1000’ ರೂಪಿಸಿದಾಗ ಈ ನಿಯಮಕ್ಕೆ ಮತ್ತೆ ಪರೀಕ್ಷೆ ಎದುರಾಯಿತು. ಆಸ್ಪತ್ರೆಯ ಎಕ್ಸ್‌ರೇ ದೇಹವನ್ನು ತೂರಿ ಆಚೆ ಹೋದರೆ, ಸ್ಮಿತ್ ಅವರ ಯಂತ್ರದ ದುರ್ಬಲ ಕಿರಣ ಬಟ್ಟೆಯನ್ನು ದಾಟಿ ಚರ್ಮದಿಂದ ಹಿಂದಕ್ಕೆ ಚದುರಿ ಬರುತ್ತದೆ. ಹಾಗೆ ಮರಳಿದ ಕಿರಣಗಳಿಂದ ಮೂಡುವ ಚಿತ್ರದಲ್ಲಿ ಬಟ್ಟೆ ಇರುವುದಿಲ್ಲ, ಮೈ ಇರುತ್ತದೆ. ಈ ‘ಬ್ಯಾಕ್‌ಸ್ಕ್ಯಾಟರ್’ ಯಂತ್ರಗಳು ಮೊದಲು ಜೈಲುಗಳಿಗೆ ಹೋದವು. 1998ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಲಹಾ ಸಮಿತಿಯ ಮುಂದೆ ವಿಷಯ ಬಂದಾಗ, ವೈದ್ಯಕೀಯ ಉದ್ದೇಶವಿಲ್ಲದೆ ಮನುಷ್ಯರನ್ನು ಎಕ್ಸ್‌ರೇಗೆ ಒಡ್ಡುವ ಬಗ್ಗೆ ಅಲ್ಲಿನ ತಜ್ಞರು ಕಳವಳ ವ್ಯಕ್ತಪಡಿಸಿದರು. ಆದರೂ ಕಡ್ಡಾಯ ನಿಯಮದ ಬದಲು ಉದ್ಯಮವೂ ಸೇರಿ ರೂಪಿಸುವ ಸ್ವಯಂಪ್ರೇರಿತ ಮಾನದಂಡಕ್ಕೆ ವಿಷಯವನ್ನು ಬಿಡಲಾಯಿತು. ಕೈದಿಗಳ ಪರವಾಗಿ ದನಿಯೆತ್ತುವವರು ವಿರಳವಾದ್ದರಿಂದ ಪ್ರಶ್ನೆ ಅಲ್ಲಿಗೇ ತಣ್ಣಗಾಯಿತು.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ, ನವೆಂಬರ್‌ನಲ್ಲಿ ಟಿಎಸ್‌ಎ ಹುಟ್ಟಿತು. ಡಿಸೆಂಬರ್‌ನಲ್ಲಿ ರಿಚರ್ಡ್ ರೀಡ್ ಎಂಬಾತ ಶೂವಿನಲ್ಲಿ ಸ್ಫೋಟಕ ಅಡಗಿಸಿಕೊಂಡು ವಿಮಾನ ಹತ್ತಿದ. ಲೋಹಶೋಧಕ ಬಾಗಿಲುಗಳ ಕೊರತೆ ಎದ್ದು ಕಂಡಿತು: ಲೋಹವಿಲ್ಲದ ಸ್ಫೋಟಕ ಅವುಗಳಿಗೆ ಕಾಣುವುದೇ ಇಲ್ಲ. ಪರಿಹಾರವಾಗಿ ಎರಡು ತಂತ್ರಜ್ಞಾನಗಳು ಮುಂದೆ ಬಂದವು. ಒಂದು ಬ್ಯಾಕ್‌ಸ್ಕ್ಯಾಟರ್ ಎಕ್ಸ್‌ರೇ. ಇನ್ನೊಂದು, ವಾಷಿಂಗ್ಟನ್ ರಾಜ್ಯದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯ ಬೆಳೆಸಿದ ಮಿಲಿಮೀಟರ್ ತರಂಗದ ಸ್ಕ್ಯಾನರ್. ಇದು ರೇಡಿಯೋ ತರಂಗಗಳ ಕುಲಕ್ಕೆ ಸೇರಿದ್ದು. ಎಕ್ಸ್‌ರೇಯಂತೆ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಡಿಎನ್‌ಎಗೆ ಹಾನಿ ಮಾಡುವ ಶಕ್ತಿ ಇದಕ್ಕಿಲ್ಲ. 2007ರಲ್ಲಿ ಅರಿಜೋನಾದ ಫೀನಿಕ್ಸ್ ನಿಲ್ದಾಣದಲ್ಲಿ ಫೆಬ್ರವರಿಯಲ್ಲಿ ಎಕ್ಸ್‌ರೇ ಯಂತ್ರದ, ಅಕ್ಟೋಬರ್‌ನಲ್ಲಿ ಮಿಲಿಮೀಟರ್ ತರಂಗದ ಪ್ರಯೋಗ ಶುರುವಾಯಿತು. ಅಂದರೆ ಎಕ್ಸ್‌ರೇ ಬಳಸದೆಯೂ ಅದೇ ಕೆಲಸ ಮಾಡಬಲ್ಲ ಯಂತ್ರ ಮೊದಲಿನಿಂದಲೂ ಸರ್ಕಾರದ ಕೈಯಲ್ಲಿತ್ತು. ಮುಂದಿನ ಇಡೀ ವಿವಾದದಲ್ಲಿ ಇದನ್ನು ನೆನಪಿಡಬೇಕು.

2009ರ ಡಿಸೆಂಬರ್ 25ರಂದು ಆಮ್‌ಸ್ಟರ್‌ಡ್ಯಾಮಿನಿಂದ ಡೆಟ್ರಾಯಿಟ್‌ಗೆ ಹೊರಟಿದ್ದ ನಾರ್ತ್‌ವೆಸ್ಟ್ ಏರ್‌ಲೈನ್ಸ್ ವಿಮಾನದಲ್ಲಿ ಉಮರ್ ಫಾರೂಕ್ ಅಬ್ದುಲ್‌ಮುತಲ್ಲಬ್ ಎಂಬ 23 ವರ್ಷದ ನೈಜೀರಿಯಾದ ಯುವಕ ಒಳಉಡುಪಿನಲ್ಲಿ ಹೊಲಿಸಿಕೊಂಡಿದ್ದ ಪಿಇಟಿಎನ್ ಸ್ಫೋಟಕಕ್ಕೆ ಬೆಂಕಿ ಹಚ್ಚಲು ಯತ್ನಿಸಿದ. ಸ್ಫೋಟಕ ಸರಿಯಾಗಿ ಸಿಡಿಯಲಿಲ್ಲ, ಸಹಪ್ರಯಾಣಿಕರು ಅವನನ್ನು ಹಿಡಿದರು, ವಿಮಾನದಲ್ಲಿದ್ದವರ ಜೀವ ಉಳಿಯಿತು. ಒಂದು ತಿಂಗಳ ಹಿಂದೆಯೇ ಅವನ ತಂದೆ ನೈಜೀರಿಯಾದ ರಾಜಧಾನಿ ಅಬುಜದ ಅಮೆರಿಕ ರಾಯಭಾರ ಕಚೇರಿಗೆ ಹೋಗಿ ಮಗ ಉಗ್ರವಾದದತ್ತ ವಾಲಿದ್ದಾನೆಂದು ಎಚ್ಚರಿಸಿದ್ದರು. ಆದರೂ ಅವನ ವೀಸಾ ರದ್ದಾಗಿರಲಿಲ್ಲ. ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ನಿಲ್ದಾಣದಲ್ಲಿ ದೇಹ ಸ್ಕ್ಯಾನರುಗಳೂ ಇದ್ದವು. ಅವನು ಅವುಗಳ ಮೂಲಕ ಹಾದಿರಲಿಲ್ಲ. ಈ ಘಟನೆಯಿಂದ ಕಲಿಯಬೇಕಿದ್ದ ಮೊದಲ ಪಾಠ ಗುಪ್ತಚರ ಮಾಹಿತಿಯನ್ನು ಜೋಡಿಸಿ ನೋಡುವುದರಲ್ಲಿ ಆದ ವೈಫಲ್ಯದ್ದು. ಆದರೆ ರಾಜಕೀಯ ಉತ್ತರ ಯಂತ್ರದ ರೂಪದಲ್ಲಿ ಬಂತು. ಆಗ ಅಮೆರಿಕದ 19 ನಿಲ್ದಾಣಗಳಲ್ಲಿ 40 ಸ್ಕ್ಯಾನರುಗಳಿದ್ದವು. ಅವನ್ನು ನೂರಾರಕ್ಕೆ, ಮುಂದೆ ಸಾವಿರಕ್ಕೆ ಏರಿಸುವ ಯೋಜನೆ ಸಿದ್ಧವಾಯಿತು. ಗೃಹಭದ್ರತಾ ಇಲಾಖೆಯ ಮಾಜಿ ಮುಖ್ಯಸ್ಥ ಮೈಕೆಲ್ ಚೆರ್ಟಾಫ್ ಸ್ಕ್ಯಾನರುಗಳ ಪರವಾಗಿ ಮಾಧ್ಯಮಗಳಲ್ಲಿ ಬಲವಾಗಿ ವಾದಿಸಿದರು. ಅವರ ಸಲಹಾ ಸಂಸ್ಥೆಗೆ ರಾಪಿಸ್ಕ್ಯಾನ್ ಗ್ರಾಹಕ ಎಂಬುದು ಬೇಗನೆ ಸುದ್ದಿಯಾಯಿತು. 2010ರ ಮಾರ್ಚ್‌ನಲ್ಲಿ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆಯೇ ಸಂಸತ್ತಿನ ಮುಂದೆ, ಈ ಸ್ಕ್ಯಾನರುಗಳು ಡಿಸೆಂಬರ್‌ನ ಆ ಸ್ಫೋಟಕವನ್ನು ಪತ್ತೆಹಚ್ಚುತ್ತಿದ್ದವೇ ಎಂಬುದು ಸ್ಪಷ್ಟವಿಲ್ಲ ಎಂದಿತು. ಖರೀದಿ ಮಾತ್ರ ನಿಲ್ಲಲಿಲ್ಲ.

ಮೊದಲು ಎದ್ದದ್ದು ಮಾನದ ಪ್ರಶ್ನೆ. ಐರೋಪ್ಯ ಸಂಸತ್ತು 2008ರ ಅಕ್ಟೋಬರ್‌ನಲ್ಲೇ, ಮೂಲಭೂತ ಹಕ್ಕುಗಳ ಮೇಲೆ ದೇಹ ಸ್ಕ್ಯಾನರುಗಳ ಪರಿಣಾಮವೇನೆಂದು ಅಳೆಯದೆ ಮುಂದುವರಿಯಕೂಡದೆಂದು ನಿರ್ಣಯ ಕೈಗೊಂಡಿತ್ತು. 2010ರ ಫೆಬ್ರವರಿಯಲ್ಲಿ ಉತ್ತರ ಅಮೆರಿಕದ ಫಿಕ್ಹ್ ಕೌನ್ಸಿಲ್ ಈ ಯಂತ್ರಗಳು ಇಸ್ಲಾಮಿನ ಲಜ್ಜೆಯ ಬೋಧನೆಗೆ ವಿರುದ್ಧವೆಂದಿತು. ಅದೇ ತಿಂಗಳು ಪೋಪ್ 16ನೇ ಬೆನೆಡಿಕ್ಟ್ ವಿಮಾನಯಾನ ಕ್ಷೇತ್ರದವರ ಮುಂದೆ ಮಾತನಾಡುತ್ತ, ಬೆದರಿಕೆಯ ನಡುವೆಯೂ ಮನುಷ್ಯನ ಘನತೆಗೆ ಮೊದಲ ಸ್ಥಾನ ಸಿಗಬೇಕೆಂದರು. ಬ್ರಿಟನ್ನಿನ ಹೀಥ್ರೂ, ಮ್ಯಾಂಚೆಸ್ಟರ್ ನಿಲ್ದಾಣಗಳಲ್ಲಿ ಆಯ್ಕೆಯಾದ ಪ್ರಯಾಣಿಕ ಸ್ಕ್ಯಾನರ್ ಬೇಡವೆಂದರೆ ವಿಮಾನ ಹತ್ತುವಂತೆಯೇ ಇರಲಿಲ್ಲ. ಮಕ್ಕಳ ದೇಹದ ಚಿತ್ರ ತೆಗೆಯುವುದು ಮಕ್ಕಳ ರಕ್ಷಣಾ ಕಾನೂನಿನ ಉಲ್ಲಂಘನೆಯಲ್ಲವೇ ಎಂಬ ಪ್ರಶ್ನೆಯೂ ಅಲ್ಲಿ ಎದ್ದಿತು. ಮಾರ್ಚ್‌ನಲ್ಲಿ ಹೀಥ್ರೂ ನೌಕರನೊಬ್ಬ, ಸ್ಕ್ಯಾನರ್ ಮೂಲಕ ಹಾದ ಸಹೋದ್ಯೋಗಿಯ ದೇಹದ ಬಗ್ಗೆ ಅಸಭ್ಯವಾಗಿ ಮಾತನಾಡಿದ ಆರೋಪದ ಮೇಲೆ ಪೊಲೀಸರ ಎಚ್ಚರಿಕೆಗೆ ಗುರಿಯಾದ. ಅಧಿಕಾರಿಗಳ ಉತ್ತರ ಎಲ್ಲೆಡೆ ಒಂದೇ: ಚಿತ್ರ ನೋಡುವವರು ಬೇರೆ ಕೋಣೆಯಲ್ಲಿ ಇರುತ್ತಾರೆ, ಮುಖ ಮಸುಕಾಗಿರುತ್ತದೆ, ಚಿತ್ರ ಉಳಿಯುವುದಿಲ್ಲ.

ಆ ಭರವಸೆ ಎಷ್ಟು ಗಟ್ಟಿ ಎಂಬುದನ್ನು ದಾಖಲೆಗಳು ಹೇಳಿದವು. ಎಲೆಕ್ಟ್ರಾನಿಕ್ ಪ್ರೈವಸಿ ಇನ್ಫರ್ಮೇಷನ್ ಸೆಂಟರ್ ಎಂಬ ಸಂಸ್ಥೆ, ಅಂದರೆ ಎಪಿಕ್, ಮಾಹಿತಿ ಹಕ್ಕಿನ ಕಾನೂನಿನಡಿ ಹೋರಾಡಿ ಟಿಎಸ್‌ಎಯ ಖರೀದಿ ಷರತ್ತುಗಳನ್ನು ಹೊರತೆಗೆಸಿತು. ಪರೀಕ್ಷಾ ಸ್ಥಿತಿಯಲ್ಲಿ ಚಿತ್ರಗಳನ್ನು ಉಳಿಸುವ, ಕಳುಹಿಸುವ ಸಾಮರ್ಥ್ಯ ಯಂತ್ರಗಳಿಗೆ ಇರಲೇಬೇಕೆಂದು ಆ ಷರತ್ತುಗಳಲ್ಲೇ ಬರೆದಿತ್ತು. 2010ರ ಆಗಸ್ಟ್‌ನಲ್ಲಿ ಫ್ಲಾರಿಡಾದ ಆರ್ಲಾಂಡೊ ಸಂಯುಕ್ತ ನ್ಯಾಯಾಲಯದ ಬಾಗಿಲಲ್ಲಿದ್ದ ಸ್ಕ್ಯಾನರ್ ಸುಮಾರು 35,000 ಚಿತ್ರಗಳನ್ನು ಉಳಿಸಿಟ್ಟಿದ್ದು ಬೆಳಕಿಗೆ ಬಂತು. ಅದು ವಿಮಾನ ನಿಲ್ದಾಣದ ಯಂತ್ರವಲ್ಲ, ಟಿಎಸ್‌ಎಯದೂ ಅಲ್ಲ, ಅದರ ಚಿತ್ರಗಳು ಮಸುಕಾಗಿದ್ದವು ಎಂಬ ಸಮರ್ಥನೆ ನಿಜ. ಆದರೆ ಆಕ್ಷೇಪದ ತಿರುಳು ಅದರಿಂದ ಸಡಿಲವಾಗುವುದಿಲ್ಲ. ಉಳಿಸಬಲ್ಲ ಯಂತ್ರವನ್ನು ಮಾಡಿ, ಉಳಿಸಬೇಡಿ ಎಂದು ಸುತ್ತೋಲೆ ಹೊರಡಿಸಿದರೆ, ಪ್ರಯಾಣಿಕರ ಮಾನ ನಿಂತಿರುವುದು ಯಾರೋ ಒಬ್ಬ ನೌಕರನ ಶಿಸ್ತಿನ ಮೇಲೆ. ನಿಯಮ ಕಚೇರಿಯೊಳಗೆ ಬದಲಾಗಬಹುದು, ಮೇಲ್ವಿಚಾರಣೆ ಸಡಿಲಾಗಬಹುದು. ನಗ್ನಚಿತ್ರ ಹುಟ್ಟುವುದೇ ಇಲ್ಲವಾದರೆ ಅದು ಸೋರುವ ಮಾತೂ ಇಲ್ಲ.

2010ರ ಅಕ್ಟೋಬರ್ ಕೊನೆಯಲ್ಲಿ ಟಿಎಸ್‌ಎ ಇನ್ನೊಂದು ಹೆಜ್ಜೆ ಇಟ್ಟಿತು. ಸ್ಕ್ಯಾನರ್ ನಿರಾಕರಿಸುವವರಿಗೆ ಅಂಗೈಯಿಂದ ಎದೆ, ತೊಡೆಯ ಸಂದು ಎಲ್ಲವನ್ನೂ ತಡವಿ ನೋಡುವ ಹೊಸ ತಪಾಸಣೆ ಜಾರಿಗೆ ಬಂತು. ನವೆಂಬರ್‌ನಲ್ಲಿ ಡೆಟ್ರಾಯಿಟ್ ನಿಲ್ದಾಣದಲ್ಲಿ ಮೂತ್ರಕೋಶದ ಕ್ಯಾನ್ಸರ್‌ನಿಂದ ಬದುಕುಳಿದ ಹಿರಿಯರೊಬ್ಬರು ಹೊಟ್ಟೆಗೆ ಅಂಟಿಸಿಕೊಂಡಿದ್ದ ಮೂತ್ರದ ಚೀಲ ಈ ತಪಾಸಣೆಯಲ್ಲಿ ಸಡಿಲಗೊಂಡು ಬಟ್ಟೆಯೆಲ್ಲ ಒದ್ದೆಯಾಯಿತು. ಅದೇ ಸ್ಥಿತಿಯಲ್ಲಿ ಅವರು ವಿಮಾನ ಹತ್ತಬೇಕಾಯಿತು. ಕೃತಕ ಅಂಗ, ಸ್ತನದ ಕೃತಕ ಜೋಡಣೆ, ಚೀಲ, ಕೊಳವೆ ಇಟ್ಟುಕೊಂಡು ಬದುಕುವ ಎಷ್ಟೋ ಜನರ ದೈಹಿಕ ಗುಟ್ಟು ಅಪರಿಚಿತರ ಮುಂದೆ ಬಯಲಾಗುತ್ತಿತ್ತು. ಆ ತಿಂಗಳ 24ರಂದು ಸ್ಕ್ಯಾನರ್ ನಿರಾಕರಣಾ ದಿನಕ್ಕೆ ಕರೆ ಹೋದರೂ ಅದು ದೊಡ್ಡದಾಗಿ ನಡೆಯಲಿಲ್ಲ. ಸಿಬಿಎಸ್ ನ್ಯೂಸ್ ಸಮೀಕ್ಷೆಯಲ್ಲಿ ಐವರಲ್ಲಿ ನಾಲ್ವರು ಸ್ಕ್ಯಾನರುಗಳನ್ನು ಬೆಂಬಲಿಸಿದ್ದರು. ಬಹುಮತ ಒಪ್ಪಿದ ಮೇಲೆ ಕೆಲವರ ಮುಜುಗರಕ್ಕೆ ಬೆಲೆ ಏಕೆ ಎಂದು ಕೇಳಿದವರಿದ್ದರು. ಆದರೆ ಈ ತಪಾಸಣೆಯ ಭಾರ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ. ಮರೆಮಾಡಬೇಕಾದದ್ದೇನೂ ಇಲ್ಲದ ಗಟ್ಟಿಮುಟ್ಟು ದೇಹದವರ ಒಪ್ಪಿಗೆ, ಶಸ್ತ್ರಚಿಕಿತ್ಸೆಯ ಗಾಯ ಹೊತ್ತವರ ಪರವಾಗಿ ಕೊಟ್ಟ ಒಪ್ಪಿಗೆ ಆಗಲಾರದು.

ಆರೋಗ್ಯದ ಪ್ರಶ್ನೆ ಇನ್ನಷ್ಟು ಸೂಕ್ಷ್ಮ. 2010ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾನ್ ಸೆಡಾಟ್, ಡೇವಿಡ್ ಅಗಾರ್ಡ್, ಮಾರ್ಕ್ ಶೂಮನ್, ರಾಬರ್ಟ್ ಸ್ಟ್ರೌಡ್ ಎಂಬ ನಾಲ್ವರು ವಿಜ್ಞಾನಿಗಳು ಅಧ್ಯಕ್ಷರ ವಿಜ್ಞಾನ ಸಲಹೆಗಾರ ಜಾನ್ ಹೋಲ್ಡ್ರನ್ ಅವರಿಗೆ ಪತ್ರ ಬರೆದರು. ಈ ದುರ್ಬಲ ಎಕ್ಸ್‌ರೇಯ ಶಕ್ತಿ ಬಹುಪಾಲು ಚರ್ಮ ಮತ್ತು ಅದರ ಕೆಳಗಿನ ಪದರದಲ್ಲೇ ಇಳಿಯುತ್ತದೆ. ಇಡೀ ದೇಹಕ್ಕೆ ಹಂಚಿ ಸರಾಸರಿ ತೆಗೆದರೆ ಚರ್ಮಕ್ಕೆ ಬಿದ್ದದ್ದು ಎಷ್ಟೆಂದು ತಿಳಿಯುವುದಿಲ್ಲ ಎಂಬುದು ಅವರ ವಾದ. ವಯಸ್ಸಾದವರು, ಗರ್ಭಿಣಿಯರು, ಮಕ್ಕಳ ಬಗ್ಗೆ ಸ್ವತಂತ್ರ ಪರಿಶೀಲನೆ ಬೇಕೆಂದು ಅವರು ಕೇಳಿದರು. ಚರ್ಮದ ಲೆಕ್ಕ ಹಾಕಿದರೂ ಪ್ರಮಾಣ ಮಿತಿಗಿಂತ ಬಹಳ ಕೆಳಗಿದೆ ಎಂದು ಅಕ್ಟೋಬರ್‌ನಲ್ಲಿ ಸರ್ಕಾರ ಉತ್ತರಿಸಿತು. ಆ ಉತ್ತರ ಸರಿಯಾಗಿತ್ತೆಂದೇ ಮುಂದಿನ ಅಳತೆಗಳು ತೋರಿಸಿದವು. ಮಾನದಂಡದ ಮಿತಿ ಒಂದು ತಪಾಸಣೆಗೆ 0.25 ಮೈಕ್ರೋಸೀವರ್ಟ್. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2013ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಸಿಕ್ಕಿದ್ದು ಸುಮಾರು 0.011. ಎತ್ತರದಲ್ಲಿ ಹಾರುವ ವಿಮಾನದೊಳಗೆ ಬಾಹ್ಯಾಕಾಶದ ಕಿರಣಗಳಿಂದ 12 ಸೆಕೆಂಡುಗಳಲ್ಲಿ ಬೀಳುವಷ್ಟು ವಿಕಿರಣ ಅದು. 2015ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿಯೂ ಯಂತ್ರಗಳು ಮಿತಿಯೊಳಗಿದ್ದವೆಂದಿತು. ಯಾವ ಒಬ್ಬ ಪ್ರಯಾಣಿಕನೂ ಈ ಯಂತ್ರಕ್ಕೆ ಹೆದರಬೇಕಾದ ಕಾರಣ ಇರಲಿಲ್ಲ, ಇದನ್ನು ಮುಚ್ಚುಮರೆಯಿಲ್ಲದೆ ಒಪ್ಪಬೇಕು.

ಹಾಗಾದರೆ ವಿಜ್ಞಾನಿಗಳ ಆಕ್ಷೇಪ ವ್ಯರ್ಥವೇ? ಕೊಲಂಬಿಯಾ ವಿಶ್ವವಿದ್ಯಾಲಯದ ವಿಕಿರಣತಜ್ಞ ಡೇವಿಡ್ ಬ್ರೆನ್ನರ್ ಅವರ ಮಾತನ್ನು ಇಲ್ಲಿ ಗಮನಿಸಬೇಕು. ಒಬ್ಬೊಬ್ಬರಿಗೆ ಅಪಾಯ ಅತ್ಯಲ್ಪ, ಬಹುಶಃ ಕೋಟಿಯಲ್ಲಿ ಒಂದು. ಆದರೆ ವರ್ಷಕ್ಕೆ ನೂರು ಕೋಟಿ ತಪಾಸಣೆ ನಡೆದರೆ ಆ ಅಲ್ಪವೇ ನೂರು ಕ್ಯಾನ್ಸರ್ ಆಗಬಹುದು ಎಂದು ಅವರು ಅಂದಾಜಿಸಿದರು. 2011ರಲ್ಲಿ ಪ್ರತೀಕ್ ಮೆಹ್ತಾ ಮತ್ತು ರೆಬೆಕಾ ಸ್ಮಿತ್ ಬಿಂಡ್‌ಮನ್ ಮಾಡಿದ ಲೆಕ್ಕ ಇದಕ್ಕಿಂತ ಕಡಿಮೆ: ಹತ್ತು ಕೋಟಿ ಪ್ರಯಾಣಿಕರಲ್ಲಿ ಜೀವಮಾನದ ಅವಧಿಯಲ್ಲಿ ಆರು ಹೆಚ್ಚುವರಿ ಕ್ಯಾನ್ಸರ್. ಇಷ್ಟು ಕಿರಿದಾದ ಪ್ರಮಾಣಕ್ಕೆ ಇಂಥ ಗುಣಾಕಾರ ಸಲ್ಲದೆಂದು ವಾದಿಸಿದ ತಜ್ಞರೂ ಇದ್ದಾರೆ, ಅವರ ಮಾತಿಗೂ ತೂಕವಿದೆ. ಆದರೆ ವಿಕಿರಣ ರಕ್ಷಣೆಯ ಶಾಸ್ತ್ರ ಮೊದಲು ಕೇಳುವುದು ಅಪಾಯ ಎಷ್ಟು ಸಣ್ಣದು ಎಂದಲ್ಲ, ಈ ಒಡ್ಡುವಿಕೆಗೆ ಸಮರ್ಥನೆ ಇದೆಯೇ ಎಂದು. ಎಕ್ಸ್‌ರೇ ಇಲ್ಲದ ಮಿಲಿಮೀಟರ್ ತರಂಗದ ಯಂತ್ರ ಅದೇ ನಿಲ್ದಾಣದಲ್ಲಿ ಪಕ್ಕದ ಸಾಲಿನಲ್ಲಿ ನಿಂತಿರುವಾಗ, ಸೊನ್ನೆಗೆ ಎಷ್ಟೇ ಹತ್ತಿರವಿರಲಿ, ಆ ಅಪಾಯ ಅನಗತ್ಯ. 2011ರ ನವೆಂಬರ್‌ನಲ್ಲಿ ಐರೋಪ್ಯ ಆಯೋಗ ಇದೇ ತೀರ್ಮಾನಕ್ಕೆ ಬಂದು, ಜನರ ಆರೋಗ್ಯವನ್ನು ಅಪಾಯಕ್ಕೊಡ್ಡದಿರಲು ಎಕ್ಸ್‌ರೇ ಬಳಸದ ಸ್ಕ್ಯಾನರುಗಳಿಗಷ್ಟೇ ಅನುಮತಿ ಕೊಟ್ಟಿತು. ಪಾರದರ್ಶಕತೆಯ ಪ್ರಶ್ನೆಯೂ ಇತ್ತು. ಟಿಎಸ್‌ಎ ಮುಂದಿಟ್ಟ ಆರಂಭದ ಸುರಕ್ಷತಾ ವರದಿಯ ಭಾಗಗಳನ್ನು ಮರೆಮಾಚಿ ಬಿಡುಗಡೆ ಮಾಡಲಾಗಿತ್ತು. 2011ರ ಮಾರ್ಚ್‌ನಲ್ಲಿ ಗುತ್ತಿಗೆದಾರರ ತಪಾಸಣಾ ದಾಖಲೆಗಳಲ್ಲಿ ಹತ್ತು ಪಟ್ಟು ಹೆಚ್ಚು ತೋರಿಸುವ ಲೆಕ್ಕದ ತಪ್ಪುಗಳು ಸಿಕ್ಕಿ ಎಕ್ಸ್‌ರೇ ಯಂತ್ರಗಳನ್ನೆಲ್ಲ ಮತ್ತೆ ಅಳೆಯಬೇಕಾಯಿತು. ವೈದ್ಯಕೀಯ ಭೌತವಿಜ್ಞಾನಿಗಳ ಮತ್ತು ಅಕಾಡೆಮಿಯ ವರದಿಗಳು ಹೊರಬರುವಷ್ಟರಲ್ಲಿ ಯಂತ್ರಗಳು ನಿಲ್ದಾಣ ಬಿಟ್ಟಾಗಿತ್ತು. ಮೊದಲೇ ಕೊಡಬೇಕಿದ್ದ ಉತ್ತರ ಕೊನೆಗೆ ಬಂದದ್ದೇ ಅನುಮಾನವನ್ನು ಬೆಳೆಸಿತು.

ಇನ್ನು ಎಲ್ಲಕ್ಕಿಂತ ಗಟ್ಟಿಯಾದ ಪ್ರತಿವಾದ: ಒಂದು ವಿಮಾನ ಸಿಡಿದರೆ ನೂರಾರು ಜನ ಸಾಯುತ್ತಾರೆ, ಅದರ ಮುಂದೆ ಕ್ಷಣಕಾಲದ ಮುಜುಗರ ಏನು ಮಹಾ? ಜೀವಕ್ಕಿಂತ ದೊಡ್ಡದಿಲ್ಲ ಎಂಬುದು ನಿಜ. ಆದರೆ ಈ ವಾದ ನಿಲ್ಲಬೇಕಾದರೆ ಯಂತ್ರ ಜೀವ ಉಳಿಸುತ್ತದೆಂದು ಸಾಬೀತಾಗಬೇಕು. 2014ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಮಿಷಿಗನ್ ಮತ್ತು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಗಳ ಸಂಶೋಧಕರು ಇಬೇಯಲ್ಲಿ ‘ಸೆಕ್ಯೂರ್ 1000’ ಒಂದನ್ನು ಕೊಂಡು ಪರೀಕ್ಷಿಸಿದರು. ಅದರ ವಿಕಿರಣ ಮಿತಿಯೊಳಗೇ ಇತ್ತು. ಆದರೆ ಯಂತ್ರದ ಸ್ವಭಾವ ಬಲ್ಲವನು ಬಂದೂಕನ್ನೂ ಪ್ಲಾಸ್ಟಿಕ್ ಸ್ಫೋಟಕದಂಥ ವಸ್ತುವನ್ನೂ ಅದರ ಕಣ್ಣು ತಪ್ಪಿಸಿ ಸಾಗಿಸಬಹುದೆಂದು ಅವರು ತೋರಿಸಿದರು. ಹೊಸ ಯಂತ್ರಗಳು ಬಂದ ಮೇಲೂ, 2015ರಲ್ಲಿ ಗೃಹಭದ್ರತಾ ಇಲಾಖೆಯ ಗುಪ್ತ ಪರೀಕ್ಷಕರು 70 ಬಾರಿ ನಡೆಸಿದ ಪ್ರಯತ್ನದಲ್ಲಿ 67 ಬಾರಿ ನಿಷೇಧಿತ ವಸ್ತುಗಳನ್ನು ಒಳಗೆ ಕೊಂಡೊಯ್ದರೆಂಬುದು ಸುದ್ದಿಯಾಗಿ ಟಿಎಸ್‌ಎಯ ಹಂಗಾಮಿ ಮುಖ್ಯಸ್ಥರನ್ನು ಆ ಹುದ್ದೆಯಿಂದ ಬದಲಿಸಲಾಯಿತು. ಮಿಲಿಮೀಟರ್ ತರಂಗಕ್ಕೂ ಅದರದೇ ತೊಡಕಿದೆ. ಜರ್ಮನಿಯ ಹ್ಯಾಂಬರ್ಗ್ ನಿಲ್ದಾಣದಲ್ಲಿ ಲಕ್ಷಾಂತರ ಪ್ರಯಾಣಿಕರ ಮೇಲೆ ನಡೆದ ಪ್ರಯೋಗದಲ್ಲಿ ಬಟ್ಟೆಯ ಮಡಿಕೆ, ಬೆವರುಗಳಿಗೂ ಯಂತ್ರ ಎಚ್ಚರಿಕೆ ಕೂಗಿದ್ದರಿಂದ 2011ರಲ್ಲಿ ಸರ್ಕಾರ ಅದನ್ನು ಎಲ್ಲೆಡೆ ಅಳವಡಿಸುವ ಯೋಚನೆಯನ್ನು ಮುಂದೂಡಿತು. ಇದರಿಂದ ಸ್ಕ್ಯಾನರ್ ಬೇಡವೇ ಬೇಡ ಎಂದು ಸಿದ್ಧವಾಗುವುದಿಲ್ಲ, ಲೋಹವಿಲ್ಲದ ಸ್ಫೋಟಕದ ಅಪಾಯ ನಿಜವೇ. ಆದರೆ ಜನರಿಂದ ಮಾನ ಕೇಳುವಾಗ ಸರ್ಕಾರ ಮುಂದಿಟ್ಟ ಲಾಭ, ಅದು ಹೇಳಿಕೊಂಡಷ್ಟು ಇರಲಿಲ್ಲ.

ತಿರುವು ಬಂದದ್ದು ನ್ಯಾಯಾಲಯ ಮತ್ತು ಸಂಸತ್ತಿನಿಂದ. ಎಪಿಕ್ ಹೂಡಿದ ಮೊಕದ್ದಮೆಯಲ್ಲಿ 2011ರ ಜುಲೈ 15ರಂದು ವಾಷಿಂಗ್ಟನ್ನಿನ ಸಂಯುಕ್ತ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಸ್ಕ್ಯಾನರ್ ಬಳಕೆ ಸಂವಿಧಾನಬಾಹಿರವೆಂದು ಅದು ಹೇಳಲಿಲ್ಲ, ಬಳಕೆಯನ್ನು ನಿಲ್ಲಿಸಲೂ ಇಲ್ಲ. ಆದರೆ ಇಷ್ಟು ಆಳವಾಗಿ ಜನರ ಬದುಕನ್ನು ತಟ್ಟುವ ನಿಯಮವನ್ನು ಸಾರ್ವಜನಿಕರ ಅಭಿಪ್ರಾಯ ಕೇಳದೆ ಜಾರಿಗೊಳಿಸಿದ್ದು ಕಾನೂನುಬದ್ಧವಲ್ಲ ಎಂದಿತು. ಟಿಎಸ್‌ಎ ಅಭಿಪ್ರಾಯ ಆಹ್ವಾನಿಸಿದ್ದು 2013ರಲ್ಲಿ, ಅಂತಿಮ ನಿಯಮ ಬಂದದ್ದು 2016ರಲ್ಲಿ. ಅಷ್ಟರಲ್ಲಿ ತಂತ್ರಾಂಶ ಮುಂದೆ ಸಾಗಿತ್ತು. 2011ರಲ್ಲೇ ಮಿಲಿಮೀಟರ್ ತರಂಗದ ಯಂತ್ರಗಳಲ್ಲಿ ದೇಹದ ಚಿತ್ರದ ಬದಲು ಎಲ್ಲರಿಗೂ ಒಂದೇ ಆದ ಬೊಂಬೆಯ ರೇಖಾಚಿತ್ರ ಬಂತು. ಅನುಮಾನದ ಜಾಗಕ್ಕೆ ಮಾತ್ರ ಒಂದು ಚೌಕ. ಬೇರೆ ಕೋಣೆಯಲ್ಲಿ ಕುಳಿತು ನೋಡುವವನ ಅಗತ್ಯವೇ ತಪ್ಪಿತು. 2012ರ ಫೆಬ್ರವರಿಯ ಕಾನೂನು ಈ ತಂತ್ರಾಂಶವನ್ನು ಕಡ್ಡಾಯ ಮಾಡಿತು, ಗಡುವು 2013ರ ಜೂನ್ 1ಕ್ಕೆ ಮುಂದುವರಿಯಿತು. ರಾಪಿಸ್ಕ್ಯಾನ್ ಅದನ್ನು ಸಿದ್ಧಪಡಿಸಲಾರದೆ ಹೋದದ್ದರಿಂದ ಗುತ್ತಿಗೆ ರದ್ದಾಯಿತು. ಬೊಂಬೆಯ ಚಿತ್ರ ಬಂದದ್ದರಿಂದ ಭದ್ರತೆ ಕುಸಿಯಿತೆಂದು ಟಿಎಸ್‌ಎ ಕೂಡ ಹೇಳಲಿಲ್ಲ. ಕೆಲಸಗಾರರೂ ಸಮಯವೂ ಉಳಿಯಿತೆಂದೇ ಹೇಳಿತು. ಹಾಗಿದ್ದ ಮೇಲೆ ಅದಕ್ಕೂ ಮೊದಲಿನ ವರ್ಷಗಳಲ್ಲಿ ಲಕ್ಷಾಂತರ ಜನರ ದೇಹವನ್ನು ಅಪರಿಚಿತರ ಕಣ್ಣಿಗೆ ಒಡ್ಡಿದ್ದು ಭದ್ರತೆಯ ಅನಿವಾರ್ಯ ಆಗಿರಲಿಲ್ಲ. ನಿಲ್ದಾಣ ಬಿಟ್ಟ ಹಲವು ಎಕ್ಸ್‌ರೇ ಯಂತ್ರಗಳು ಹೋದದ್ದು ಜೈಲುಗಳಿಗೆ. ಆಕ್ಷೇಪಿಸಬಲ್ಲವರಿಗೆ ಸಿಕ್ಕ ರಕ್ಷಣೆ ಆಕ್ಷೇಪಿಸಲಾಗದವರಿಗೆ ಸಿಗಲಿಲ್ಲ, ಅದು ಈ ಗೆಲುವಿನ ಕೊರತೆ.

ಬೊಂಬೆಯ ಚಿತ್ರ ಬಂದ ಮೇಲೆ ಪ್ರಶ್ನೆ ಮುಗಿಯಿತೇ? ಪೂರ್ತಿ ಇಲ್ಲ. ಪ್ರಯಾಣಿಕ ಒಳಗೆ ಕಾಲಿಟ್ಟೊಡನೆ ಗಂಡು ಅಥವಾ ಹೆಣ್ಣು ಎಂಬ ಗುಂಡಿಯನ್ನು ನೌಕರ ಒತ್ತಬೇಕಾಗಿದ್ದರಿಂದ ಲಿಂಗಪರಿವರ್ತಿತರ ದೇಹ ಪದೇಪದೇ ಅನುಮಾನಕ್ಕೆ ಗುರಿಯಾಯಿತು. 2022ರಲ್ಲಷ್ಟೇ ಟಿಎಸ್‌ಎ ಲಿಂಗಭೇದವಿಲ್ಲದ ತಂತ್ರಾಂಶ ತರುವುದಾಗಿ ಘೋಷಿಸಿತು. ಪೇಟ ಸುತ್ತಿದವರು, ದಟ್ಟ ಜಡೆ ಹೆಣೆದ ಕಪ್ಪುವರ್ಣದ ಮಹಿಳೆಯರು ಹೆಚ್ಚು ಬಾರಿ ತಡವಿಸಿಕೊಳ್ಳಬೇಕಾಯಿತು. ಭಾರತದಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2019ರ ಏಪ್ರಿಲ್‌ನಲ್ಲಿ, 2020ರ ಮಾರ್ಚ್ ಒಳಗೆ 84 ನಿಲ್ದಾಣಗಳಲ್ಲಿ ದೇಹ ಸ್ಕ್ಯಾನರ್ ಅಳವಡಿಸುವಂತೆ ಸೂಚಿಸಿತು; ಆ ಗಡುವು ಮೀರಿಹೋಗಿ ಕೆಲಸ ನಿಧಾನವಾಗಿ ನಡೆದಿದೆ. ನಮಗೆ ಬರುತ್ತಿರುವುದು ಮಿಲಿಮೀಟರ್ ತರಂಗದ, ಬೊಂಬೆಯ ಚಿತ್ರದ ಯಂತ್ರ. ಬೇರೆಯವರು ಹೋರಾಡಿ ತಿದ್ದಿಸಿದ್ದರ ಫಲ ನಮಗೆ ಸಿದ್ಧವಾಗಿ ದೊರೆತಿದೆ. ಆದರೆ ಮಡಿಕೆಗಳನ್ನು ಕಂಡು ಬೆದರುವ ಯಂತ್ರ ಸೀರೆಯ ನೆರಿಗೆ, ಪಂಚೆಯ ಸುತ್ತುಗಳ ಮುಂದೆ ಹೇಗೆ ನಡೆದುಕೊಳ್ಳುತ್ತದೆ, ಎಷ್ಟು ಮಂದಿಯನ್ನು ಸುಳ್ಳು ಎಚ್ಚರಿಕೆಯಿಂದ ಪಕ್ಕಕ್ಕೆ ನಿಲ್ಲಿಸುತ್ತದೆ ಎಂಬುದನ್ನು ಇಲ್ಲಿಯೇ ಅಳೆದು ಪ್ರಕಟಿಸಬೇಕು.

ಈ ಬೇಡಿಕೆಗೆ ನಮ್ಮಲ್ಲಿ ಭದ್ರವಾದ ಕಾನೂನಿನ ನೆಲೆಯಿದೆ, ಅದನ್ನು ಕಟ್ಟಿಕೊಟ್ಟವರು ಕನ್ನಡ ನಾಡಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ತಮ್ಮ ಎಂಬತ್ತಾರರ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಹಕ್ಕನ್ನು ಸರ್ಕಾರ ಮೊಟಕು ಮಾಡುವುದಾದರೆ ಅದಕ್ಕೆ ಕಾನೂನಿನ ಆಧಾರ ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಆ ಉದ್ದೇಶಕ್ಕೆ ಬೇಕಾದಷ್ಟನ್ನು ಮೀರಕೂಡದು. ಅಮೆರಿಕದ ಎಕ್ಸ್‌ರೇ ಸ್ಕ್ಯಾನರುಗಳನ್ನು ಈ ಅಳತೆಗೋಲಿಗೆ ಒಡ್ಡಿದರೆ ಉದ್ದೇಶದಲ್ಲಿ ಅವು ಗೆಲ್ಲುತ್ತವೆ, ಮಿತಿಯಲ್ಲಿ ಸೋಲುತ್ತವೆ: ಹಕ್ಕಿಗೆ ಅಷ್ಟು ಧಕ್ಕೆ ತರದೆಯೂ ಅದೇ ಕೆಲಸ ಆಗುತ್ತಿತ್ತು. ಆದ್ದರಿಂದ ನಮ್ಮ ನಿಲ್ದಾಣಗಳಲ್ಲಿ ನಿಲ್ಲುವ ಪ್ರತಿಯೊಂದು ಯಂತ್ರದ ಬಗ್ಗೆಯೂ ನಾಲ್ಕು ಸಂಗತಿ ಕೇಳಬೇಕು. ಸ್ವತಂತ್ರ ಪ್ರಯೋಗಾಲಯದ ಅಳತೆ ಅಳವಡಿಕೆಗೆ ಮೊದಲೇ ಪ್ರಕಟವಾಗಿದೆಯೇ, ಚಿತ್ರ ಉಳಿಸುವ ಸಾಮರ್ಥ್ಯವೇ ಯಂತ್ರದಲ್ಲಿ ಇಲ್ಲವೇ, ನಿರಾಕರಿಸುವವರಿಗೆ ಶಿಕ್ಷೆಯಂತಿಲ್ಲದ ಬೇರೆ ತಪಾಸಣೆ ಇದೆಯೇ, ಅದು ನಿಜವಾಗಿ ಅಪಾಯವನ್ನು ಹಿಡಿಯುತ್ತದೆಂಬುದಕ್ಕೆ ಪುರಾವೆ ಇದೆಯೇ? ಈ ಪ್ರಶ್ನೆಗಳನ್ನು ಕೇಳುವವರು ಭದ್ರತೆಯ ವಿರೋಧಿಗಳಲ್ಲ. ಇಂದು ಜಗತ್ತಿನ ಹಲವು ನಿಲ್ದಾಣಗಳಲ್ಲಿ ಪ್ರಯಾಣಿಕರು ಎಕ್ಸ್‌ರೇ ತಗಲದೆ, ಯಾರ ಕಣ್ಣಿಗೂ ಬೆತ್ತಲಾಗದೆ ಸ್ಕ್ಯಾನರ್ ದಾಟುತ್ತಿದ್ದರೆ, ಅದು ಅಂಥವರು ಕೇಳಿದ್ದರಿಂದಲೇ ಸಾಧ್ಯವಾಗಿದೆ.